ಹಲ್ಲು ಕಚ್ಚದೆ ಓಡುವುದು

ಬೆಳಗಾವಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ನಲವತ್ತು ದಾಟಿದ ಮೇಲೆ ನಾನು ಓಡಲು ಕಲಿತೆ. ಯೋಗಾಭ್ಯಾಸವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಶುರುವಾಯಿತು. ಇವೆರಡನ್ನೂ ರೂಢಿಸಿಕೊಂಡವರಲ್ಲಿ ಅನೇಕರು ಯೋಗವನ್ನು ಓಟದಿಂದಾದ ಮೈನೋವಿಗೆ ಮದ್ದು ಎಂಬಂತೆ ಮಾತ್ರ ಬಳಸುತ್ತಾರೆ. ನನ್ನ ಅನುಭವ ಬೇರೆ. ಶ್ರಮಪಡುವಾಗ ದೇಹದ ಯಾವ ಭಾಗ ದುಡಿಯಬೇಕು, ಯಾವ ಭಾಗ ಸುಮ್ಮನಿರಬೇಕು ಎಂಬುದನ್ನು ಯೋಗ ತೋರಿಸಿಕೊಟ್ಟಿತು. ಆ ತಿಳಿವಳಿಕೆಯನ್ನು ಗಂಟೆಗಟ್ಟಲೆ, ಏರಿನಲ್ಲೂ ಬಿಸಿಲಿನಲ್ಲೂ ಬಿಟ್ಟುಕೊಡದೆ ಇರುವುದನ್ನು ಓಟ ಕಲಿಸಿತು. ನನ್ನ ಸ್ವಭಾವದಲ್ಲಿ ಏನಾದರೂ ಬದಲಾಗಿದ್ದರೆ ಅದು ಇವೆರಡೂ ಕೂಡಿದ್ದರಿಂದ ಆದದ್ದು.

ಕಾರಣ ಸಾಮಾನ್ಯವಾದದ್ದೇ. ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪ್ರಮಾಣ ಶೇಕಡಾ 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎನ್ನುತ್ತಾರೆ, ನನ್ನದು ಆ ಹೊಸ್ತಿಲ ಮೇಲೆಯೇ ಇತ್ತು. ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದ ಮೇಲೆ ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋಗತೊಡಗಿದೆ. ಹಳೆಯ ಮರಗಳ ನೆರಳು, ಕಾಲಿಗೆ ಹಿತವಾದ ಮಣ್ಣಿನ ದಾರಿ, ಬೆಳಕು ಹರಿಯುವ ಮೊದಲೇ ಸೇರುವ ಜನ, ಇವೆಲ್ಲ ಇರುವುದರಿಂದ ಒಂಟಿ ಹೆಂಗಸಿಗೂ ಅಲ್ಲಿ ಅಳುಕಿಲ್ಲ. ನಡಿಗೆ ಕೆಲವು ತಿಂಗಳಲ್ಲಿ ಓಟವಾಯಿತು. ಅದಕ್ಕೆ ಕಾರಣರಾದವರು ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದ, ಸವದತ್ತಿ ಕಡೆಯ ಒಬ್ಬ ಸುಬೇದಾರರು. ನಾನು ಬಿರುಸಾಗಿ ಓಡಿ, ಸೊಂಟ ಹಿಡಿದು ನಿಂತು, ಮತ್ತೆ ಬಿರುಸಾಗಿ ಓಡುವುದನ್ನು ಕೆಲವು ದಿನ ನೋಡಿ ಅವರು ಹತ್ತಿರ ಬಂದು ಹೇಳಿದರು: "ತಂಗೆವ್ವ, ಮಾತಾಡ್ಕೋತ ಓಡಾಕ ಬರಬೇಕ. ಏದುಸಿರ ಬಂತಂದ್ರ ನಡಿ, ನಾಚ್ಕೋಬ್ಯಾಡ."

ಇದೊಂದು ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಪಕ್ಕದಲ್ಲಿರುವವರ ಜೊತೆ ಒಂದು ಪೂರ್ಣ ವಾಕ್ಯ ತಡವರಿಸದೆ ಆಡಲು ಬರುವಷ್ಟೇ ವೇಗ. ಹೀಗೆ ನಿಧಾನವಾಗಿ ಓಡುವುದನ್ನು ಹೊಸಬರ ಲಕ್ಷಣ ಎಂದು ತಿಳಿಯಬಾರದು. ದೂರದ ಓಟದಲ್ಲಿ ಜಗತ್ತಿನ ಅತ್ಯುತ್ತಮರ ಅಭ್ಯಾಸವನ್ನು ದಾಖಲಿಸಿದವರು ಕಂಡುಕೊಂಡದ್ದೂ ಇದನ್ನೇ: ಅವರ ತರಬೇತಿಯ ನೂರಕ್ಕೆ ಸುಮಾರು 80 ಪಾಲು ಇಂಥ ಸಲೀಸಾದ ವೇಗದಲ್ಲೇ ನಡೆಯುತ್ತದೆ. ಆ ವೇಗದಲ್ಲಿ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ, ದೇಹವು ಸಕ್ಕರೆಯನ್ನು ಉಳಿಸಿ ಕೊಬ್ಬನ್ನು ಉರುವಲಾಗಿ ಬಳಸಲು ಕಲಿಯುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಹೃದಯ ಮತ್ತು ಪುಪ್ಪುಸಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಂಡರೂ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ಮತ್ತು ಮೂಳೆಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರವನ್ನು ಏರಿಸುತ್ತ ಹೋದವರು ಹಿಮ್ಮಡಿ, ಮೊಣಕಾಲು, ಮುಂಗಾಲಿನ ಮೂಳೆಗಳ ನೋವಿಗೆ ಸಿಕ್ಕಿಕೊಳ್ಳುವುದು ಈ ಅಂತರದಿಂದಲೇ. ಆದ್ದರಿಂದ ನಾನು ಮೂರು ವಾರ ಭಾನುವಾರದ ದೂರವನ್ನು ಸ್ವಲ್ಪ ಸ್ವಲ್ಪ ಏರಿಸಿ ನಾಲ್ಕನೆಯ ವಾರ ಇಳಿಸುತ್ತಿದ್ದೆ. ಈ ಕ್ರಮವನ್ನು ಇಂದಿಗೂ ಬಿಟ್ಟಿಲ್ಲ.

ಮನೆಯಲ್ಲಿ ವಿರೋಧವಿರಲಿಲ್ಲ, ಭಯವಿತ್ತು. ಹೀಗೆ ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ಅತ್ತೆಯವರು ನಿಜವಾದ ಕಳವಳದಿಂದ ಹೇಳುತ್ತಿದ್ದರು. ಅದು ಅವರೊಬ್ಬರ ಭಯವಲ್ಲ. ಜಗತ್ತಿನ ಕ್ರೀಡಾಡಳಿತ ನಡೆಸಿದವರೂ ಬಹುಕಾಲ ಹಾಗೆಯೇ ನಂಬಿದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದ ಮೇಲೆ, ಅದು ಹೆಣ್ಣಿನ ಮೈಗೆ ತಾಳಲಾರದ ದೂರವೆಂದು 1960ರವರೆಗೂ ಆ ಸ್ಪರ್ಧೆಯನ್ನು ಕೈಬಿಡಲಾಗಿತ್ತು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಂದರೆ ನಾನು ಹುಟ್ಟಿದಾಗ ಆ ಸ್ಪರ್ಧೆಯೇ ಇರಲಿಲ್ಲ. ಇದನ್ನೆಲ್ಲ ಅತ್ತೆಯವರ ಪಕ್ಕದಲ್ಲಿ ಕುಳಿತು ವಿವರಿಸಿದೆ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಸ್ತ್ರೀರೋಗ ತಜ್ಞೆಯ ಬಾಯಿಂದಲೂ ಹೇಳಿಸಿದೆ. ಆ ಭೇಟಿಯಿಂದ ನನಗೂ ಒಂದು ಪ್ರಯೋಜನವಾಯಿತು: ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಲು ಅವರು ಸೂಚಿಸಿದರು, ಅದು ಕಡಿಮೆಯಿತ್ತು. ಎಷ್ಟು ಅಭ್ಯಾಸ ಮಾಡಿದರೂ ಏರಿನಲ್ಲಿ ಕಾಲು ಕುಸಿಯುತ್ತಿದ್ದುದಕ್ಕೆ ಮುಖ್ಯ ಕಾರಣ ಅದೇ ಆಗಿತ್ತು. ಕಬ್ಬಿಣದ ಮಾತ್ರೆ ಮುಗಿಸಿದ ಮೇಲೆ ಅದೇ ಏರು ಬೇರೆಯಾಗಿ ಕಂಡಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಓಟ ಶುರು ಮಾಡುವ ಮೊದಲು ಬೂಟಿಗೆ ದುಡ್ಡು ಹಾಕುವುದಕ್ಕಿಂತ ಮುಂಚೆ ಈ ಪರೀಕ್ಷೆಗೆ ಹಾಕಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಯೋಗದ ಪಾಠಕ್ಕೆ ನಾನು ಹೋದದ್ದು ಬಿ.ಕೆ.ಎಸ್. ಅಯ್ಯಂಗಾರರ ಪರಂಪರೆಯಲ್ಲಿ ಕಲಿತ ಒಬ್ಬ ಹಿರಿಯ ಶಿಕ್ಷಕಿಯ ಬಳಿಗೆ. ಬೆಲ್ಟು, ಮರದ ಇಟ್ಟಿಗೆ, ಮಡಿಸಿದ ಕಂಬಳಿಗಳ ಆಸರೆಯಿಂದ, ಬಾಗದ ಮೈಯೂ ಆಸನದ ನಿಜವಾದ ನಿಲುವನ್ನು ಅನುಭವಿಸುವಂತೆ ಮಾಡುವುದು ಆ ಪದ್ಧತಿಯ ಹೆಚ್ಚುಗಾರಿಕೆ. ಇಡೀ ದಿನ ಕುರ್ಚಿಯಲ್ಲಿ ಕುಳಿತು ತೊಡೆಯ ಹಿಂಭಾಗವೂ ಸೊಂಟದ ಮುಂಭಾಗವೂ ಬಿಗಿದುಕೊಂಡ ನನ್ನಂಥವರಿಗೆ ಇದು ವರವೇ ಸರಿ. ಒಂದು ಬೆಳಿಗ್ಗೆ ಸುಪ್ತ ಪಾದಾಂಗುಷ್ಠಾಸನದಲ್ಲಿದ್ದೆ. ಅಂಗಾತ ಮಲಗಿ, ಹಳೆಯ ಇಳಕಲ್ ಸೀರೆಯ ಅಂಚಿನಿಂದ ಹೊಲಿದುಕೊಂಡ ಪಟ್ಟಿಯನ್ನು ಬಲ ಅಂಗಾಲಿಗೆ ಸುತ್ತಿ, ಕಾಲನ್ನು ನೇರ ಮೇಲಕ್ಕೆ ಚಾಚಿದ್ದೆ. ಮೊಣಕಾಲು ನೆಟ್ಟಗಾಗಿತ್ತು, ಎಡಗಾಲು ನೆಲಕ್ಕೆ ಒತ್ತಿತ್ತು, ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆ. ಶಿಕ್ಷಕಿ ಬಂದು ಕಾಲನ್ನು ಮುಟ್ಟಲೇ ಇಲ್ಲ. ಪಕ್ಕದಲ್ಲಿ ಕುಳಿತು ನನ್ನ ಕಿವಿಯ ಕೆಳಗೆ, ದವಡೆಯ ಕೀಲಿನ ಮೇಲೆ, ಎರಡು ಬೆರಳಿಟ್ಟರು. ಅಲ್ಲಿ ಸ್ನಾಯು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ಅಕ್ಕಾರ, ಕಾಲ ಚಾಚ್ರಿ ಅಂದೇನಿ, ಹಲ್ಲ ಯಾಕ ಕಚ್ಚೀರಿ?" ಎಂದರು. ದವಡೆಯನ್ನು ಸಡಿಲಿಸುತ್ತಿದ್ದಂತೆ ನಾಲಿಗೆ ಕೆಳಗಿಳಿಯಿತು, ಹುಬ್ಬು ಬಿಚ್ಚಿಕೊಂಡಿತು, ತಡೆದಿಟ್ಟಿದ್ದೆನೆಂದು ನನಗೇ ಗೊತ್ತಿಲ್ಲದ ಉಸಿರು ಹೊರಗೆ ಬಂತು; ಕಾಲು, ನಾನು ಎಳೆಯದೆಯೇ, ಇನ್ನೂ ಒಂದಷ್ಟು ಮುಖದ ಕಡೆಗೆ ಬಂತು.

ಆ ವಾರದ ಭಾನುವಾರ ಯಳ್ಳೂರಿನ ರಾಜಹಂಸಗಡದ ಕಡೆಗೆ ಓಟವಿತ್ತು. ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳು, ಆಮೇಲೆ ಗಡದ ಏರು. ಏರು ಶುರುವಾದ ಸ್ವಲ್ಪದರಲ್ಲೇ ಬೆರಳಿಟ್ಟು ನೋಡಿಕೊಂಡೆ: ದವಡೆ ಬಿಗಿದಿತ್ತು, ಮುಷ್ಟಿ ಕಟ್ಟಿತ್ತು, ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ಇವುಗಳಲ್ಲಿ ಒಂದೂ ನನ್ನನ್ನು ಮೇಲಕ್ಕೆ ಒಯ್ಯುತ್ತಿರಲಿಲ್ಲ. ಒಂದೊಂದನ್ನೇ ಬಿಡಿಸಿದೆ, ಹೆಜ್ಜೆಯನ್ನು ಚಿಕ್ಕದು ಮಾಡಿದೆ, ಮೂರು ಹೆಜ್ಜೆಗೆ ಉಸಿರು ಒಳಗೆ, ಮೂರು ಹೆಜ್ಜೆಗೆ ಹೊರಗೆ ಎಂಬ ಲಯ ಹಿಡಿದೆ. ವೇಗ ಹೆಚ್ಚಲಿಲ್ಲ, ಆದರೆ ಅದುವರೆಗೆ ನಡೆದೇ ಏರುತ್ತಿದ್ದ ತಿರುವನ್ನು ಓಡುತ್ತಲೇ ದಾಟಿದೆ. ಆಗಿನಿಂದ ದೂರದ ಓಟ ನನಗೆ ಮೈಯನ್ನು ಪರಿಶೀಲಿಸುವ ಅಭ್ಯಾಸವಾಗಿದೆ. ಪ್ರತಿ ಕಿಲೋಮೀಟರಿಗೊಮ್ಮೆ ದವಡೆ, ಹೆಗಲು, ಬೆರಳು, ಉಸಿರು ಎಂದು ಕ್ರಮವಾಗಿ ನೋಡಿಕೊಳ್ಳುತ್ತೇನೆ. ಕೈಗಡಿಯಾರದ ಅಂಕಿಗಳನ್ನು ಓಟ ಮುಗಿದ ಮೇಲೆ ಮನೆಗೆ ಬಂದು ನೋಡಿದರೆ ಸಾಕು.

ಹೀಗೆ ಗಮನಿಸುವುದನ್ನು ಕಲಿತ ಮೇಲೆ ನೋವುಗಳ ನಡುವಿನ ವ್ಯತ್ಯಾಸವೂ ತಿಳಿಯತೊಡಗಿತು. ಎರಡೂ ತೊಡೆಗಳಲ್ಲಿ ಸಮವಾಗಿ ಹರಡಿ, ಓಡುತ್ತ ಓಡುತ್ತ ಕರಗುವ ಭಾರ ಬೇರೆ. ಮುಂಗಾಲಿನ ಮೂಳೆಯ ಮೇಲೆ ಒಂದೇ ಬೆರಳಿನಷ್ಟು ಜಾಗದಲ್ಲಿ, ಒತ್ತಿದರೆ ಚುಚ್ಚುವ, ಓಡಿದಷ್ಟೂ ಏರುವ ನೋವು ಬೇರೆ. ಮೊದಲನೆಯದರೊಂದಿಗೆ ಮುಂದುವರಿಯಬಹುದು. ಎರಡನೆಯದು ಕಂಡ ಗಳಿಗೆಯಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಏಕೆಂದರೆ ಅದು ಮೂಳೆಯ ಸಣ್ಣ ಬಿರುಕಿನ ಸೂಚನೆಯಾಗಿರಬಹುದು. ನೋವು ನುಂಗಿಕೊಂಡು ಓಡು ಎಂಬ ಉಪದೇಶವನ್ನು ಮಧ್ಯವಯಸ್ಸಿನವರಿಗೆ ಯಾರೂ ಕೊಡಬಾರದು. ನನ್ನ ನಿಯಮ ಇದಕ್ಕೆ ತದ್ವಿರುದ್ಧವಾದದ್ದು: ಪ್ರತಿ ಓಟವೂ ಇನ್ನೂ ಒಂದೆರಡು ಕಿಲೋಮೀಟರ್ ಓಡಬಲ್ಲೆ ಎಂಬ ಸ್ಥಿತಿಯಲ್ಲಿ ಮುಗಿಯಬೇಕು, ಪ್ರತಿ ಆಸನವೂ ಇನ್ನೊಂದಷ್ಟು ಹೊತ್ತು ನಿಲ್ಲಬಲ್ಲೆ ಎನ್ನುವಾಗಲೇ ಬಿಡಬೇಕು. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿ ನೆಲೆಯಾಗುತ್ತದೆ ಎಂದು ಪತಂಜಲಿ ಹೇಳುತ್ತಾನೆ. ಒಂದು ದಿನ ಇರುವ ಶಕ್ತಿಯನ್ನೆಲ್ಲ ಸುರಿದು ಮರುದಿನ ಹಾಸಿಗೆ ಬಿಟ್ಟು ಏಳಲಾರದವರಿಗೆ ಎಡೆಬಿಡದ ಅಭ್ಯಾಸ ಸಾಧ್ಯವಿಲ್ಲ.

ಕ್ರಮದ ವಿಷಯದಲ್ಲಿ ಒಂದೆರಡು ಮಾತು. ಓಟಕ್ಕೆ ಮೊದಲು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಹಿಗ್ಗಿಸಿ ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ಆದ್ದರಿಂದ ಆಗ ಬಿರುಸು ನಡಿಗೆ, ಕಾಲು ಬೀಸುವುದು, ಕೆಲವು ಸೂರ್ಯನಮಸ್ಕಾರ ಇಷ್ಟೇ. ಓಟ ಮುಗಿದ ಮೇಲೆ ಅಧೋಮುಖ ಶ್ವಾನಾಸನ, ಸುಪ್ತ ಪಾದಾಂಗುಷ್ಠಾಸನ, ಗೋಡೆಗೆ ಕಾಲಿಟ್ಟು ವಿಪರೀತ ಕರಣಿ, ಕೊನೆಗೆ ಶವಾಸನ. ಓಟವಿಲ್ಲದ ದಿನಗಳಲ್ಲಿ ವೀರಭದ್ರಾಸನ, ವೃಕ್ಷಾಸನ, ಸೇತುಬಂಧಾಸನಗಳನ್ನು ನಿಧಾನವಾಗಿ ಮಾಡುತ್ತೇನೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಒಂಟಿಕಾಲಿನ ಮೇಲಿರುತ್ತೇವೆ, ಆಗ ಸೊಂಟ ವಾಲದಂತೆ ಹಿಡಿಯುವುದು ಪೃಷ್ಠದ ಸ್ನಾಯುಗಳ ಕೆಲಸ. ಕುರ್ಚಿಯ ಕೆಲಸದವರಲ್ಲಿ ಮೊದಲು ಸೋಲುವುದೂ ಅವೇ. ರಾತ್ರಿ ಮಲಗುವ ಮುನ್ನ ಉಸಿರು ಕಟ್ಟದೆ, ಮೂಗಿನ ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ನಾಡಿಶೋಧನ. ಆಹಾರದಲ್ಲಿ ವಿಶೇಷವೇನಿಲ್ಲ: ಹಿಂದಿನ ರಾತ್ರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಬೆಳಿಗ್ಗೆ ಒಂದು ಬಾಳೆಹಣ್ಣು, ಒಂದೂವರೆ ಗಂಟೆ ಮೀರಿದ ಓಟವಾದರೆ ಸಕ್ಕರೆ, ಉಪ್ಪು ಬೆರೆಸಿದ ಲಿಂಬೆ ನೀರು.

ಓಟವನ್ನೂ ಯೋಗವನ್ನೂ ಕೂಡಿಸುವ ಒಂದು ಎಳೆ ನಮ್ಮ ಊರಿನ ಇತಿಹಾಸದಲ್ಲೇ ಇದೆ, ಅದು ಬೆಳಗಾವಿಯವರಿಗೇ ಹೆಚ್ಚು ಗೊತ್ತಿಲ್ಲವೆಂಬುದು ನನಗೆ ನೋವಿನ ಸಂಗತಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಭಾರತದ ಪರವಾಗಿ ಓಡಿ 19ನೆಯ ಸ್ಥಾನದಲ್ಲಿ ಗುರಿ ಮುಟ್ಟಿದ ಫಡೆಪ್ಪ ದರೆಪ್ಪ ಚೌಗುಲೆ ಬೆಳಗಾವಿಯವರು. ಇಂದಿನ ಮ್ಯಾರಥಾನ್ 42.195 ಕಿಲೋಮೀಟರ್, ಅಂದಿನ ದಾರಿ 42.75 ಕಿಲೋಮೀಟರ್ ಇತ್ತು, ಅದನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಕ್ರಮಿಸಿದರು. ಆ ತಂಡ ರೂಪುಗೊಂಡದ್ದು ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಓಟಗಾರರನ್ನು ಕಂಡು ಬೆರಗಾದ ಉದ್ಯಮಿ ಸರ್ ದೋರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ. ಮುಂದೆ 1937ರಲ್ಲಿ ಹದಿಹರೆಯದ ಅಯ್ಯಂಗಾರರು ಯೋಗ ಕಲಿಸಲು ಮೈಸೂರಿನ ಕಡೆಯಿಂದ ಪುಣೆಗೆ ಬಂದದ್ದೂ ಅದೇ ಡೆಕ್ಕನ್ ಜಿಮ್ಖಾನಾಕ್ಕೆ. ಅವರನ್ನು ಅಲ್ಲಿಗೆ ಕರೆಸಿದ ಡಾ. ವಿ.ಬಿ. ಗೋಖಲೆ ಅದಕ್ಕೆ ಮೊದಲು ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದವರು. ಯಳ್ಳೂರು ರಸ್ತೆಯಲ್ಲಿ ಕಾಲು ಸೋತಾಗ ಚೌಗುಲೆಯವರನ್ನು ನೆನೆಯುವುದು ನನಗೆ ರೂಢಿಯಾಗಿದೆ.

ಕಚೇರಿಯಲ್ಲಿ ಇದರ ಫಲ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಮಾರ್ಚ್ ಕೊನೆಯ ವಾರದಲ್ಲಿ. ವರ್ಷದ ಲೆಕ್ಕ ಮುಗಿಸುವ ಆ ದಿನಗಳಲ್ಲಿ ಹಿರಿಯ ಠೇವಣಿದಾರರೊಬ್ಬರು, ಮುದ್ದತು ಠೇವಣಿಯ ಬಡ್ಡಿ ಕಡಿಮೆ ಬಂದಿದೆಯೆಂದು ಎಲ್ಲರೆದುರು ಕೂಗಾಡಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದಕ್ಕೂ ಮೊದಲು ದವಡೆ ಬಿಗಿದದ್ದು ಗಮನಕ್ಕೆ ಬಂತು. ಗಡದ ಏರಿನಲ್ಲಿ ಮಾಡುವಂತೆ ಅದನ್ನು ಸಡಿಲಿಸಿ, ಒಂದು ದೀರ್ಘ ಉಸಿರು ಬಿಟ್ಟು, ಅವರನ್ನು ಕೂರಿಸಿ ಖಾತೆಯ ಪುಟ ತೆರೆದೆ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು: ಮೂಲದಲ್ಲಿ ಕಡಿತವಾದ ತೆರಿಗೆಯ ವಿಷಯವನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಮೊದಲಿನ ನಾನಾಗಿದ್ದರೆ ವಾದದಲ್ಲಿ ಗೆದ್ದು, ಅಂದು ರಾತ್ರಿಯಿಡೀ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೆ. ಸಿಟ್ಟು ಈಗಲೂ ಬರುತ್ತದೆ, ಆದರೆ ಅದು ಬರುವುದು ಮೈಯಲ್ಲಿ ಮೊದಲು ತಿಳಿಯುತ್ತದೆ; ಆ ಒಂದೆರಡು ಕ್ಷಣಗಳ ಅಂತರ ಸಾಕಾಗುತ್ತದೆ.

ಸಕ್ಕರೆಯ ಪ್ರಮಾಣ ಹೊಸ್ತಿಲಿನಿಂದ ಕೆಳಗಿಳಿದಿದೆ. ಅರ್ಧ ಮ್ಯಾರಥಾನ್ ದೂರವನ್ನು ನಡೆಯದೆ ಓಡಿ ಮುಗಿಸುವಷ್ಟು ಶಕ್ತಿ ಬಂದಿದೆ. ಪೂರ್ಣ ಮ್ಯಾರಥಾನ್‌ಗೆ ಇನ್ನೂ ಎರಡು ಚಳಿಗಾಲಗಳ ಅಭ್ಯಾಸ ಬೇಕೆಂದು ಸುಬೇದಾರರು ಹೇಳುತ್ತಾರೆ, ಅವರ ಮಾತನ್ನು ಮೀರುವ ಅವಸರ ನನಗಿಲ್ಲ. ಈಗ ಕಚೇರಿಯ ಮೂವರು ಹೆಣ್ಣುಮಕ್ಕಳು ಭಾನುವಾರ ಜೊತೆಗೆ ಬರುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಎಲ್ಲರದೂ ಆಗಿದೆ, ಒಬ್ಬರು ಮಾತ್ರೆ ಮುಗಿಯುವವರೆಗೆ ನಡಿಗೆಯನ್ನಷ್ಟೇ ಮಾಡುತ್ತಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಬೆಳಗಾವಿಯಲ್ಲಿ ಸೆಪ್ಟೆಂಬರ್‌ವರೆಗೂ ಬಿಡುವು ಸಿಗುವುದು ಕಷ್ಟವಾದ್ದರಿಂದ, ಓಡಲಾಗದ ದಿನಗಳಿಗೆಂದು ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಕಂಬಳಿ ಹಾಸುವಷ್ಟು ಜಾಗ ತೆರವು ಮಾಡಿದ್ದೇವೆ. ಸೀರೆಯ ಅಂಚಿನ ಪಟ್ಟಿಗಳನ್ನು ಮೂವರಿಗೂ ಅತ್ತೆಯವರೇ ಹೊಲಿದುಕೊಟ್ಟಿದ್ದಾರೆ.