ಕೊಲೆಸ್ಟರಾಲ್ ವರದಿ ಬಂದಾಗ ಮೂಳೆಯ ಸ್ಥಿತಿಯನ್ನೂ ವಿಚಾರಿಸುವ ಕ್ರಮ

ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆ ಎಂದ ಮಾತ್ರಕ್ಕೆ ಮೂಳೆ ಸವೆದಿದೆ ಎಂದು ತೀರ್ಮಾನಿಸಬಾರದು. ಮೂಳೆಯ ಸಾಂದ್ರತೆಯನ್ನು ಅಳೆಯುವುದು ಡೆಕ್ಸಾ ಸ್ಕ್ಯಾನ್. ಮುಟ್ಟು ನಿಂತ ಮಹಿಳೆಯರಲ್ಲಿ ಮತ್ತು 50 ದಾಟಿದ ಪುರುಷರಲ್ಲಿ ಅದರ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿ ಕೊಡುವ ಅಂಕ) −2.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಎನ್ನುತ್ತಾರೆ.

ಹಾಗಿದ್ದರೂ ಇವೆರಡಕ್ಕೂ ನಂಟಿದೆ. ಮೂಳೆ ಕಟ್ಟುವ ಕೋಶಗಳೂ ಕೊಬ್ಬಿನ ಕೋಶಗಳೂ ಮಜ್ಜೆಯಲ್ಲಿರುವ ಒಂದೇ ಬಗೆಯ ಮೂಲಕೋಶದಿಂದ ಹುಟ್ಟುತ್ತವೆ. ಆಕ್ಸಿಡೀಕರಣಗೊಂಡ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಆ ಮೂಲಕೋಶಗಳನ್ನು ಮೂಳೆಯ ಕಡೆಯಿಂದ ಕೊಬ್ಬಿನ ಕಡೆಗೆ ತಿರುಗಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ನನ್ನ ಅಭಿಪ್ರಾಯದಲ್ಲಿ, ಎರಡಕ್ಕೂ ಸಮಾನವಾದ ಕಾರಣಗಳತ್ತ ಗಮನ ಕೊಡುವುದೇ ಹೆಚ್ಚು ಪ್ರಯೋಜನಕರ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಹಾರ್ಮೋನ್ ಇಳಿದಾಗ ಎಲ್‌ಡಿಎಲ್ ಏರುತ್ತದೆ, ಮೂಳೆಯ ಸವಕಳಿಯೂ ವೇಗ ಪಡೆಯುತ್ತದೆ. ಧೂಮಪಾನ ಮತ್ತು ಜಡ ಜೀವನವೂ ಎರಡನ್ನೂ ಕೆಡಿಸುತ್ತವೆ. ಆದ್ದರಿಂದ ಲಿಪಿಡ್ ವರದಿಯೊಡನೆ ವೈದ್ಯರ ಬಳಿ ಹೋದಾಗ ಹಿಂದೆ ಆದ ಮೂಳೆಮುರಿತ, ತಂದೆತಾಯಿಯರ ಸೊಂಟದ ಮೂಳೆಮುರಿತ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಮಾತ್ರೆ, ಇವನ್ನು ತಾವಾಗಿಯೇ ತಿಳಿಸಿ, ಡೆಕ್ಸಾ ಬೇಕೇ ಎಂದು ಕೇಳಬೇಕು. 65 ದಾಟಿದ ಮಹಿಳೆಯರು ಬೇರೆ ಕಾರಣವಿಲ್ಲದಿದ್ದರೂ ಕೇಳಬಹುದು.

ವ್ಯಾಯಾಮದಲ್ಲಿ ಆಯ್ಕೆ ಮುಖ್ಯ. ಈಜು ಹೃದಯಕ್ಕೆ ಹಿತವಾದರೂ ದೇಹದ ಭಾರ ಮೂಳೆಯ ಮೇಲೆ ಬೀಳದ ಕಾರಣ ಅದೊಂದೇ ಸಾಲದು. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು, ಭಾರ ಎತ್ತುವುದು ಸೇರಬೇಕು. ಕೊಬ್ಬಿಗೆ ಹೆದರಿ ಹಾಲು, ಮೊಸರನ್ನು ಪೂರ್ತಿ ಬಿಡುವವರಿದ್ದಾರೆ. ಕೆನೆ ತೆಗೆದ ಹಾಲಿನಲ್ಲಿಯೂ ಕ್ಯಾಲ್ಸಿಯಂ ಹಾಗೆಯೇ ಇರುತ್ತದೆ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮೂಳೆಯ ಔಷಧವೆಂದು ಭಾವಿಸಬಾರದು. 1999ರಲ್ಲಿ ಇಲಿ ಜಾತಿಯ ಪ್ರಾಣಿಗಳಲ್ಲಿ ಅದು ಮೂಳೆಯ ಬೆಳವಣಿಗೆಗೆ ನೆರವಾದದ್ದು ಆಸೆ ಹುಟ್ಟಿಸಿತಾದರೂ ದೊಡ್ಡ ಪ್ರಯೋಗಗಳಲ್ಲಿ ರೋಗಿಗಳ ಮೂಳೆಮುರಿತ ತಗ್ಗಲಿಲ್ಲ. ಕುತೂಹಲದ ಸಂಗತಿಯೆಂದರೆ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಕೂಡ ಸ್ಟ್ಯಾಟಿನ್ ತಡೆಯುವ ಮೆವಲೊನೇಟ್ ಸರಣಿಯನ್ನೇ (ಕೋಶದೊಳಗೆ ಕೊಲೆಸ್ಟರಾಲ್ ತಯಾರಾಗುವ ರಾಸಾಯನಿಕ ಹಂತಗಳ ಸಾಲು), ಇನ್ನೊಂದು ಹಂತದಲ್ಲಿ, ತಡೆಯುತ್ತದೆ. ಹಾಗೆಂದು ಒಂದರ ಬದಲು ಇನ್ನೊಂದನ್ನು ನುಂಗುವಂತಿಲ್ಲ. ಎರಡನ್ನೂ ಬರೆದುಕೊಟ್ಟಿದ್ದರೆ ಅಲೆಂಡ್ರೊನೇಟನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ಸೇವಿಸಿ, ಕನಿಷ್ಠ 30 ನಿಮಿಷ ಮಲಗದೆ, ಏನನ್ನೂ ತಿನ್ನದೆ ಇದ್ದು, ಕ್ಯಾಲ್ಸಿಯಂ ಸೇರಿದಂತೆ ಉಳಿದ ಮಾತ್ರೆಗಳನ್ನು ಆಮೇಲೆ ತೆಗೆದುಕೊಳ್ಳಬೇಕು.