ಮಕ್ಕಳಿಗೆ ಚಿಕ್ಕದಾದ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವ ಬಗೆ

ಮಕ್ಕಳ ಸಾಮಾನು ಹಾಳಾಗುವ ಮೊದಲೇ ಚಿಕ್ಕದಾಗಿಬಿಡುತ್ತದೆ. ಸ್ಟ್ರಾಲರ್, 16 ಇಂಚಿನ ಸೈಕಲ್, ಬ್ಯಾಟರಿ ಕಾರು, ಒಂದೇ ಮದುವೆಗೆ ಹಾಕಿದ ರೇಷ್ಮೆ ಲಂಗ, ಎಲ್ಲ ಅಟ್ಟ ಸೇರುತ್ತವೆ. ಅಲ್ಲಿ ಎರಡು ವರ್ಷ ಕೂತರೆ ರಬ್ಬರ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಜರಿ ಕಪ್ಪಾಗುತ್ತದೆ. ಹಾಗಾಗಿ ಮಗು ಬಳಸುವುದು ಬಿಟ್ಟ ತಿಂಗಳಲ್ಲೇ ಮಾರಾಟಕ್ಕಿಡಿ.

ಮನೆಯಲ್ಲಿರುವ ಎಲ್ಲವನ್ನೂ ಮಾರಲು ಹೋಗಬೇಡಿ. ದೊಡ್ಡ ಸಾಮಾನಿನಲ್ಲಿ ದುಡ್ಡಿದೆ. ಬಿಡಿ ಟೀ ಶರ್ಟು ಮಾರಲು ಕೂತರೆ ದಿನವಿಡೀ ‘ಇದ್ಯಾ?’, ‘ಲಾಸ್ಟ್ ಎಷ್ಟು?’ ಎಂಬ ಮೆಸೇಜಿಗೆ ಉತ್ತರ ಕೊಡುವುದೇ ಆಗುತ್ತದೆ. ದಿನಬಳಕೆಯ ಬಟ್ಟೆಯನ್ನು ಒಂದೇ ಅಳತೆಯ 8–10 ಜೊತೆ ಸೇರಿಸಿ ಒಂದು ಗಂಟಾಗಿ ಕೊಡಿ. ಹಾಲಿನ ಬಾಟಲಿ, ನಿಪ್ಪಲ್, ಪೆಟ್ಟು ತಿಂದ ಹೆಲ್ಮೆಟ್, ಅಪಘಾತವಾದ ಕಾರಿನಲ್ಲಿದ್ದ ಮಕ್ಕಳ ಸೀಟು, ಇವನ್ನು ಪುಕ್ಕಟೆ ಕೇಳಿದರೂ ಕೊಡಬಾರದು.

ಕೆಲವು ವಸ್ತುಗಳಿಗೆ ಕಾಲವಿದೆ. ಕೃಷ್ಣನ ವೇಷದ ಕಿರೀಟ, ಕೊಳಲು, ಪಂಚೆ ಹೋಗುವುದು ಜನ್ಮಾಷ್ಟಮಿಗೆ ಮುಂಚಿನ ಎರಡು ವಾರ ಮಾತ್ರ. ಆಮೇಲೆ ಒಂದು ವರ್ಷ ಕಾಯಬೇಕು. ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮನ ವೇಷವನ್ನು ಅಕ್ಟೋಬರ್ ಕೊನೆಗೆ, ರಾಜ್ಯೋತ್ಸವದ ಮುಂಚೆ ಹಾಕಿ. ಲಂಗ ಬ್ಲೌಸಿಗೆ ಯುಗಾದಿ ಮತ್ತು ಗೌರಿ ಹಬ್ಬ. ಪಠ್ಯಪುಸ್ತಕಕ್ಕೆ ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಸ್ಟ್ರಾಲರಿಗೆ ಮಾತ್ರ ವರ್ಷವಿಡೀ ಗಿರಾಕಿ.

ಮಾರುವ ಮುಂಚಿನ ರಿಪೇರಿ

ಸ್ಟ್ರಾಲರಿನ ಚಕ್ರ ಕಿರುಗುಟ್ಟಿದರೆ ಎಣ್ಣೆ ಬಿಡುವ ಮೊದಲು ಚಕ್ರ ಕಳಚಿ ನೋಡಿ. ಬಹುಪಾಲು ಆಕ್ಸಲ್‌ಗೆ ತಲೆಕೂದಲು ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಸದ್ದು ನಿಲ್ಲುತ್ತದೆ. ಬೆಲ್ಟಿನ ಬಕಲ್ ಟಕ್ಕೆಂದು ಕೂರಬೇಕು, ಬ್ರೇಕ್ ಹಾಕಿ ತಳ್ಳಿದರೆ ಕದಲಬಾರದು. ಮಡಚಿದಾಗಿನ ಉದ್ದ, ಅಗಲ, ಎತ್ತರ ಅಳೆದು ಬರೆದಿಡಿ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ.

ಸೈಕಲ್ಲಿಗೆ ಚೈನ್ ಎಣ್ಣೆ, ತುಂಬು ಗಾಳಿ, ಸವೆದಿದ್ದರೆ ಹೊಸ ಬ್ರೇಕ್ ರಬ್ಬರ್. ಸೀಟನ್ನು ಪೂರ್ತಿ ಇಳಿಸಿದಾಗ ಮತ್ತು ಏರಿಸಿದಾಗ ನೆಲದಿಂದ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. ‘5 ವರ್ಷದ ಮಗುವಿಗೆ’ ಎಂದು ಬರೆದರೆ ಸಾಲದು, ಐದು ವರ್ಷದ ಮಕ್ಕಳೆಲ್ಲ ಒಂದೇ ಎತ್ತರ ಇರುವುದಿಲ್ಲ.

ಹೆಚ್ಚು ಜಗಳವಾಗುವುದು ಬ್ಯಾಟರಿ ಕಾರಿನಲ್ಲಿ. ಇವುಗಳಲ್ಲಿ ಬಹಳಷ್ಟಕ್ಕೆ ಲೆಡ್ ಆಸಿಡ್ ಬ್ಯಾಟರಿ. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜರ್ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೇ ‘ಫುಲ್’ ಎಂದು ತೋರಿಸುತ್ತದೆ, ಮಗು ಕೂತು ನಾಲ್ಕು ಅಡಿ ಹೋಗುವಷ್ಟರಲ್ಲಿ ನಿಲ್ಲುತ್ತದೆ. ಕೊಂಡವರು ಸಂಜೆಯೇ ವಾಪಸ್ ತರುತ್ತಾರೆ. ಆದ್ದರಿಂದ ರಾತ್ರಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಮೂರ್ನಾಲ್ಕು ಗಂಟೆ ಬಿಟ್ಟು ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಸಾಧನ) ನೋಡಿ. 12 ವೋಲ್ಟಿನ ಬ್ಯಾಟರಿ 12.6ರ ಮೇಲೆ ತೋರಿಸಬೇಕು. 12ರ ಕೆಳಗಿದ್ದರೆ ಅದರ ಆಯಸ್ಸು ಮುಗಿದಂತೆ. ಅಂಕಿ ಸರಿಯಿದ್ದರೂ 15 ಕೆ.ಜಿ. ಭಾರ ಇಟ್ಟು ಹತ್ತು ನಿಮಿಷ ಓಡಿಸಿ. ಬ್ಯಾಟರಿ ಬದಲಿಸಬೇಕಾಗಿ ಬಂದು, ಹಳೆಯದರ ಮೇಲೆ 12 ವೋಲ್ಟ್ 7 ಎಎಚ್ (Ah) ಎಂದು ಬರೆದಿದ್ದರೆ, ಕಂಪ್ಯೂಟರ್ ಯುಪಿಎಸ್‌ಗೆ ಹಾಕುವ ಬ್ಯಾಟರಿಯೇ ಸಾಮಾನ್ಯವಾಗಿ ಹೊಂದುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಅಳತೆ, ಟರ್ಮಿನಲ್ ತಾಳೆ ನೋಡಿ ತನ್ನಿ. ಹೊಸದು ಹಾಕಿ ಮಾರುವುದೇ ಲಾಭ. ಓಡದ ಕಾರಿಗೆ ಗುಜರಿ ಬೆಲೆ, ಗೇಟಿನ ಮುಂದೆ ಓಡಿ ತೋರಿಸಿದ ಕಾರಿಗೆ ಕಾರಿನ ಬೆಲೆ.

ಫೋಟೊ, ಬೆಲೆ, ವಿವರ

ಬೆಳಗ್ಗೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ 6–8 ಫೋಟೊ ಸಾಕು: ನಾಲ್ಕು ಬದಿ, ಅಳತೆಯ ಲೇಬಲ್, ಮಡಚಿದ ರೂಪ, ಮತ್ತು ಕಲೆ ಅಥವಾ ಗೀರು ಇದ್ದರೆ ಪಕ್ಕದಲ್ಲೊಂದು ನಾಣ್ಯವಿಟ್ಟು ಹತ್ತಿರದಿಂದ. ಕಲೆ ಮುಚ್ಚಿಟ್ಟರೆ ಅದೇ ಕಲೆ ತೋರಿಸಿ ಬಾಗಿಲಲ್ಲಿ ನಿಂತು ಐನೂರು ಇಳಿಸುತ್ತಾರೆ. ಮಗುವಿನ ಮುಖ, ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಪುಸ್ತಕದ ಲೇಬಲ್, ಫ್ಲಾಟ್ ನಂಬರು ಯಾವುದೂ ಫೋಟೊದಲ್ಲಿ ಬರಬಾರದು.

ಬೆಲೆಗೆ ಹಳೆ ಬಿಲ್ಲನ್ನಾಗಲಿ ಎಂಆರ್‌ಪಿಯನ್ನಾಗಲಿ ನೋಡಬೇಡಿ. ಅದೇ ಮಾಡೆಲ್ ಇವತ್ತು ಅಮೆಜಾನ್, ಫ್ಲಿಪ್‌ಕಾರ್ಟಿನಲ್ಲಿ ಎಷ್ಟಕ್ಕಿದೆ ಎನ್ನುವುದೇ ಲೆಕ್ಕ. ಚೆನ್ನಾಗಿರುವ ಸ್ಟ್ರಾಲರ್, ಸೈಕಲ್ಲಿಗೆ ಅದರ 40–50 ಶೇಕಡಾ, ಬಟ್ಟೆಯ ಗಂಟಿಗೆ 20–25 ಕೇಳಬಹುದು. ಇವತ್ತು 5,000ಕ್ಕೆ ಸಿಗುವ ಸೈಕಲ್ಲಿಗೆ 2,400 ಹಾಕಿ, 2,000ಕ್ಕೆ ಕೊಡಲು ಮನಸ್ಸು ಮಾಡಿಕೊಂಡಿರಿ. ನೋಡುವ ಮುಂಚೆಯೇ ‘ಲಾಸ್ಟ್ ಎಷ್ಟು’ ಕೇಳುವವರಿಗೆ ‘ಬಂದು ನೋಡಿ, ಮಾತಾಡೋಣ’ ಎನ್ನಿ. ಫೋನಲ್ಲೇ ಇಳಿಸಿದರೆ ಬಂದ ಮೇಲೆ ಇನ್ನೊಮ್ಮೆ ಇಳಿಸಬೇಕಾಗುತ್ತದೆ.

ಮೊದಲು ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ, ಹೋಗದಿದ್ದರೆ ಎರಡು ದಿನ ಬಿಟ್ಟು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮತ್ತು ಓಎಲ್‌ಎಕ್ಸ್‌ಗೆ ಹಾಕಿ.

ದೊಡ್ಡ ಸಾಮಾನನ್ನು ಕೊರಿಯರ್ ಮಾಡಬೇಡಿ. ಬಹುತೇಕ ಕೊರಿಯರಿನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 40×30×30ರ ಡಬ್ಬ 7.2 ಕೆ.ಜಿ. ಆಯಿತು, ಒಳಗಿನ ಆಟಿಕೆ 2 ಕೆ.ಜಿ. ಇದ್ದರೂ. ಪುಸ್ತಕದ ಮಾತೇ ಬೇರೆ. 2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ: ಪಠ್ಯಕ್ರಮದ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ, ರೈಲಿನ ಮೇಲೆ ಹೋಗುವುದರಿಂದ ನಿಧಾನ. ಮಾರುವ ಮೊದಲು ಮುದ್ರಣದ ವರ್ಷ ಬರೆಯಿರಿ. ಪಠ್ಯ ಪರಿಷ್ಕರಣೆಯಾಗಿದ್ದರೆ ಹಳೆಯ ಸೆಟ್ ಯಾರಿಗೂ ಬೇಡ.

ದುಡ್ಡು ಕೈಗೆ ಬರುವಾಗ

ಸಾಮಾನನ್ನು ನೋಡದೆ, ಚೌಕಾಸಿ ಮಾಡದೆ ಒಪ್ಪುವವರ ಬಗ್ಗೆ ಎಚ್ಚರ. ಹಳೇ ಆಟ ಇದು: ‘ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಹುಡುಗನನ್ನು ಕಳಿಸುತ್ತೇನೆ’ ಎನ್ನುತ್ತಾರೆ, ಒಂದು ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಎನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮದೇ. ಇನ್ನೊಂದು ಬಗೆ, ‘2,000ದ ಬದಲು 20,000 ಹೋಗಿಬಿಟ್ಟಿದೆ, ಉಳಿದದ್ದು ವಾಪಸ್ ಹಾಕಿ’ ಎನ್ನುವುದು. ಎಸ್ಎಂಎಸ್, ಸ್ಕ್ರೀನ್‌ಶಾಟ್ ಎರಡನ್ನೂ ನಂಬಬೇಡಿ; ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೆಯೇ ಸಾಮಾನು ಕೊಡಿ. ಮೋಸವಾಗಿಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಕೊಡುವುದು ಗೇಟಿನ ಬಳಿ, ಹಗಲಲ್ಲಿ.

ನಿಮ್ಮ ಮನೆಯದು ಮುಗಿದ ಮೇಲೆ

ಅಸಲಿ ಸಂಪಾದನೆ ಶುರುವಾಗುವುದು ಅಕ್ಕಪಕ್ಕದವರ ಸಾಮಾನು ಮಾರಿಕೊಡುವುದರಲ್ಲಿ. ಎಲ್ಲರ ಅಟ್ಟವೂ ತುಂಬಿರುತ್ತದೆ, ಫೋಟೊ ತೆಗೆದು ಮೆಸೇಜಿಗೆ ಉತ್ತರಿಸುವ ಪುರಸೊತ್ತು ಯಾರಿಗೂ ಇರುವುದಿಲ್ಲ. 25 ಶೇಕಡಾ ಕಮಿಷನ್ ನ್ಯಾಯ. 500ರ ಕೆಳಗಿನ ಸಾಮಾನು ಮುಟ್ಟಬೇಡಿ. ಕೇಳುವ ಬೆಲೆ, ಇಳಿಯಬಹುದಾದ ಕೊನೆಯ ಬೆಲೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ರಿಪೇರಿ ಖರ್ಚು ಯಾರದು ಎಂಬ ನಾಲ್ಕನ್ನೂ ವಾಟ್ಸ್ಯಾಪಿನಲ್ಲಿ ಬರೆದು ‘ಸರಿ’ ಎನ್ನಿಸಿಕೊಳ್ಳಿ. ಪರಿಚಯದವರೇ ಅಲ್ಲವೇ ಎಂದು ಬಾಯಿಮಾತಿಗೆ ಬಿಟ್ಟರೆ ಪರಿಚಯವೇ ಕೆಡುತ್ತದೆ.

ನಿಮ್ಮದೇ ಬಳಕೆಯ ಬಟ್ಟೆ, ಪೀಠೋಪಕರಣ, ಆಟಿಕೆ ಮಾರಿದ್ದಕ್ಕೆ ಆದಾಯ ತೆರಿಗೆಯ ಗೊಡವೆಯಿಲ್ಲ. ಆದರೆ ಕಮಿಷನ್ನು, ಕೊಂಡು ಮಾರಿದ ಲಾಭ ವ್ಯಾಪಾರದ ಆದಾಯ, ರಿಟರ್ನಿನಲ್ಲಿ ತೋರಿಸಬೇಕು. ಅದಕ್ಕೊಂದು ನೋಟ್‌ಬುಕ್ ಮೊದಲ ದಿನದಿಂದಲೇ ಇಡಿ: ತಾರೀಖು, ಸಾಮಾನು, ಯಾರದು, ಎಷ್ಟಕ್ಕೆ ಹೋಯಿತು, ಖರ್ಚು, ಕೈಗೆ ಬಂದದ್ದು.