ಮೆಡಾನ್‌ನ ಕಂಪುಂಗ್ ಮದ್ರಾಸ್: ನಡೆದು ನೋಡುವುದು ಹೇಗೆ?

ಇಂಡೋನೇಷ್ಯಾದ ತೋಬಾ ಸರೋವರಕ್ಕೆ ಹೊರಟವರು ಮೆಡಾನ್‌ನಲ್ಲಿ ಒಂದು ರಾತ್ರಿ ತಂಗುತ್ತಾರೆ. ಬೆಳಿಗ್ಗೆ ಕಾರಿನಲ್ಲಿ ಬಂದು ಮಾರಿಯಮ್ಮನ ಗುಡಿಯ ಮುಂದೆ ಇಳಿಯುತ್ತಾರೆ. ಗೋಪುರದ ಫೋಟೊ ತೆಗೆದು, ‘ಇಲ್ಲೂ ನಮ್ಮವರಿದ್ದಾರೆ’ ಎಂದು ಖುಷಿಪಟ್ಟು, ಹತ್ತು ನಿಮಿಷದಲ್ಲಿ ಮತ್ತೆ ಕಾರು ಹತ್ತುತ್ತಾರೆ. ಇದನ್ನು ಎಷ್ಟೋ ಸಲ ಕಂಡು ಸಂಕಟಪಟ್ಟಿದ್ದೇನೆ. ಉತ್ತರ ಸುಮಾತ್ರಾ ಪ್ರಾಂತ್ಯದ ರಾಜಧಾನಿಯಾದ ಮೆಡಾನ್‌ನ ನಡುವಿರುವ ಕಂಪುಂಗ್ ಮದ್ರಾಸ್ ಎಂಬ ಈ ಕೇರಿಗೆ ಒಂದು ಇಡೀ ಸಂಜೆ ಕೊಡಬೇಕು, ಅದೂ ಕಾಲ್ನಡಿಗೆಯಲ್ಲಿ. ‘ಲಿಟಲ್ ಇಂಡಿಯಾ’ ಎಂದು ಅರ್ಧ ಗಂಟೆ ಸೇರಿಸಿ ಮಾರುವ ಪ್ರವಾಸದ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ.

ಹೊರಡುವ ಮುನ್ನ

1863ರಲ್ಲಿ ಡಚ್ಚರ ಯಾಕೋಬ್ ನೀನ್‌ಹೌಸ್ ಮೆಡಾನ್ ಸುತ್ತಲಿನ ಡೆಲಿ ಸುಲ್ತಾನರ ಸೀಮೆಗೆ ಬಂದು ತಂಬಾಕು ಬೆಳೆಸಲು ಶುರು ಮಾಡಿದ. ಚುರುಟಿನ ಹೊರಮೈಗೆ ಸುತ್ತಲು ಡೆಲಿಯ ತೆಳ್ಳನೆಯ ಎಲೆಯೇ ಬೇಕೆಂದು ಯುರೋಪು ಮುಗಿಬಿತ್ತು. ತೋಟಗಳಿಗೆ ಚೀನಾದಿಂದ, ಜಾವಾದಿಂದ ಆಳುಗಳು ಬಂದರು. ರಸ್ತೆ ಹಾಕಲು, ಚರಂಡಿ ತೋಡಲು, ಎತ್ತಿನ ಗಾಡಿ ಹೊಡೆಯಲು ತಮಿಳರು ಬಂದರು. ಅವರ ಹಿಂದೆ ಲೇವಾದೇವಿಯ ಚೆಟ್ಟಿಯಾರರು, ಕಾವಲು ಕೆಲಸಕ್ಕೂ ಹಾಲಿನ ವ್ಯಾಪಾರಕ್ಕೂ ಸಿಖ್ಖರು. ಬಾಬುರಾ ನದಿಯ ಬದಿಯಲ್ಲಿ ಹೀಗೆ ಬೆಳೆದ ಕೇರಿ ಇದು. ‘ಕಂಪುಂಗ್’ ಎಂದರೆ ಹಳ್ಳಿ. ಪಟ್ಟಣದೊಳಗೆ ಆ ಪದಕ್ಕೆ ನಮ್ಮ ‘ಕೇರಿ’ಯದೇ ಅರ್ಥ.

ಹಳೆಯ ಹೆಸರು ಕಂಪುಂಗ್ ಕೆಲಿಂಗ್. ‘ಕೆಲಿಂಗ್’ ಎಂಬುದು ಕಳಿಂಗದಿಂದ ಬಂದ ಪದವೆನ್ನುತ್ತಾರೆ. ಆದರೆ ಕಾಲಾಂತರದಲ್ಲಿ ಅದು ದಕ್ಷಿಣ ಭಾರತ ಮೂಲದವರನ್ನು ಹೀಗಳೆಯುವ ಮಾತಾಯಿತು. ಮೆಡಾನ್‌ನವರು ಹಳೆಯ ರೂಢಿಯಿಂದ ಇಂದಿಗೂ ಆ ಹೆಸರನ್ನು ಬಳಸುವುದುಂಟು. ನೀವು ಬಳಸಬೇಡಿ. ಗಾಡಿಯವನಿಗೆ ದಾರಿ ಹೇಳುವಾಗಲೂ ಮದ್ರಾಸ್ ಎಂದೇ ಹೇಳಿ.

ಹೆಜ್ಜೆ 1: ಹೊತ್ತು

ಸಂಜೆ ನಾಲ್ಕಕ್ಕೆ ಶುರು ಮಾಡಿ. ಕೊಡೆ ಇರಲಿ.

ಹೆಜ್ಜೆ 2: ಗುಡಿಯಿಂದ ಶುರು ಮಾಡಬೇಡಿ

ಎಲ್ಲರೂ ಅಲ್ಲಿಂದಲೇ ಶುರು ಮಾಡಿ ಅಲ್ಲಿಗೇ ಮುಗಿಸುತ್ತಾರೆ. ನೀವು ಹಾಂಗ್ ತುವಾ ಬೀದಿಯಲ್ಲಿರುವ ಗುನುಂಗ್ ತಿಮುರ್ ಎಂಬ ಚೀನೀ ದೇವಾಲಯದಿಂದ ಹೊರಡಿ. ಬೆಚಾಕ್ ಮೋಟಾರು, ಅಂದರೆ ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಬೈಕಿನಲ್ಲಿ ಬರುವುದಾದರೆ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಊದುಬತ್ತಿಯ ಹೊಗೆ, ಕೆಂಪು ಕಂಬಗಳು, ಹತ್ತಿರದಲ್ಲೇ ಬಾಬುರಾದ ಕಂದು ನೀರು. ಈ ಬಾಬುರಾ ಡೆಲಿ ನದಿಯನ್ನು ಸೇರುವಲ್ಲಿಯೇ ಮೆಡಾನ್ ಹುಟ್ಟಿತೆನ್ನುತ್ತಾರೆ. ತಮಿಳರ ಕೇರಿಗೆ ಚೀನೀಯರ ಗುಡಿಯ ಕಡೆಯಿಂದ ನಡೆದು ಬಂದರೆ ಈ ಊರು ಹೇಗೆ ಕೂಡಿಕೊಂಡಿತೆಂಬುದು ಕಾಲಿಗೇ ತಿಳಿಯುತ್ತದೆ.

ಅಲ್ಲಿಂದ ತೆಕು ಉಮರ್ ಬೀದಿಯ ಶ್ರೀ ಮಾರಿಯಮ್ಮನ್ ಗುಡಿಗೆ ನಡೆಯಿರಿ. ಕಟ್ಟಿದ್ದು 1884ರಲ್ಲಿ. ಗೋಪುರ, ಬಣ್ಣ ಬಳಿದ ಗಾರೆಯ ಮೂರ್ತಿಗಳು, ಕರ್ಪೂರ, ಎಲ್ಲ ನಮ್ಮ ಕಣ್ಣಿಗೆ ಪರಿಚಿತವೇ. ಚಪ್ಪಲಿ ಬಿಟ್ಟು ಒಳಹೋಗಿ, ಸಂಜೆಯ ಪೂಜೆಗೆ ಕೂತುಕೊಳ್ಳಿ, ಮೊಬೈಲ್ ಚೀಲದಲ್ಲಿರಲಿ.

ನಂತರ ಝೈನುಲ್ ಆರಿಫಿನ್ ರಸ್ತೆ. ಡಚ್ಚರ ಕಾಲದಲ್ಲಿ ಇದಕ್ಕೆ ಕಲ್ಕತ್ತಾ ಎಂದು ಹೆಸರಿತ್ತು. ಇಲ್ಲಿ ಅಂಗಡಿ ಸಾಲಿನ ನಡುವೆ ಗೌದಿಯಾ ಮಸೀದಿ ಇದೆ. ದಕ್ಷಿಣ ಭಾರತದಿಂದ ಬಂದ ಮುಸ್ಲಿಮರು 1887ರಲ್ಲಿ ಕಟ್ಟಿದ್ದು. ಮಾರಿಯಮ್ಮನ ಗುಡಿಯಾಗಿ ಮೂರೇ ವರ್ಷಕ್ಕೆ ಮಸೀದಿ! ಒಂದೇ ಕಡಲು ದಾಟಿ ಬಂದವರು ಅಕ್ಕಪಕ್ಕದಲ್ಲೇ ಬೇರು ಬಿಟ್ಟರು. ಪ್ಯಾಕೇಜಿನವರು ಇದನ್ನು ತೋರಿಸುವುದೇ ಇಲ್ಲ.

ಹೆಜ್ಜೆ 3: ಮಾತು

ಇಲ್ಲಿ ಹಿಂದಿ ಆಡಬೇಡಿ. ತಮಿಳು ಬರುತ್ತದೆಂದು ತಮಿಳಿನಲ್ಲೇ ಶುರು ಮಾಡುವುದೂ ಬೇಡ. ಕಿರಿಯರ ಮನೆಮಾತು ಈಗ ಹೆಚ್ಚಾಗಿ ಇಂಡೋನೇಷ್ಯನ್ ಭಾಷೆ. ಅಂಗಡಿಯವನನ್ನು ‘ಬಾಂಗ್’ (ಅಣ್ಣ) ಎನ್ನಿ, ಹೆಂಗಸರನ್ನು ‘ಕಾಕ್’ (ಅಕ್ಕ) ಎನ್ನಿ, ವಯಸ್ಸಾದವರನ್ನು ‘ಪಾಕ್’ (ಅಪ್ಪ), ‘ಇಬು’ (ಅಮ್ಮ) ಎನ್ನಿ. ಪಾಠಪುಸ್ತಕದ ಭಾಷೆ ಕಲಿತು ಬಂದವರಿಗೂ ಮೆಡಾನ್ ತಬ್ಬಿಬ್ಬು ಮಾಡುತ್ತದೆ. ಬೇರೆಡೆ ‘ಪಜಾಕ್’ ಎಂದರೆ ತೆರಿಗೆ, ಇಲ್ಲಿ ಮಾರುಕಟ್ಟೆ. ಬೇರೆಡೆ ‘ಕೆರೆತಾ’ ರೈಲು, ಇಲ್ಲಿ ಬೈಕು.

ಯಾರನ್ನೂ ‘ಭಾರತದಿಂದ ಯಾವಾಗ ಬಂದಿರಿ?’ ಎಂದು ಕೇಳಬೇಡಿ. ನಮ್ಮ ಪ್ರವಾಸಿಗರೊಬ್ಬರು ಹೂವಿನ ಅಂಗಡಿಯ ಹೆಂಗಸನ್ನು ಹಾಗೆ ಕೇಳಿದಾಗ ಆಕೆಯ ಮುಖ ಸಣ್ಣದಾದದ್ದನ್ನು ಕಂಡಿದ್ದೇನೆ. ನಾಲ್ಕು ತಲೆಮಾರು ಇದೇ ಊರಿನ ಮಣ್ಣಿನಲ್ಲಿ ಬದುಕಿದವರಿಗೆ ಅದು ‘ನೀವು ಇಲ್ಲಿಯವರಲ್ಲ’ ಎಂದಂತೆ ಕೇಳಿಸುತ್ತದೆ. ಅವರು ಮೆಡಾನ್‌ನವರು. ಯಾವ ಬೀದಿಯಲ್ಲಿ ಬೆಳೆದಿರಿ ಎಂದು ಕೇಳಿ ನೋಡಿ, ಕುರ್ಚಿ ಎಳೆದು ಕೂರಿಸುತ್ತಾರೆ.

ಹೆಜ್ಜೆ 4: ಊಟ (ಇಲ್ಲಿಯೇ ಎಲ್ಲರೂ ಎಡವುವುದು)

ಕತ್ತಲಾದ ಮೇಲೆ ಪಗಾರುಯುಂಗ್ ಬೀದಿಗೆ ಬನ್ನಿ. ಒಲೆಗಳ ಸಾಲು, ಕಾವಲಿಯ ಮೇಲೆ ಮಾರ್ತಾಬಾಕ್ ಎಂಬ ಹೂರಣ ತುಂಬಿದ ರೊಟ್ಟಿ, ಗಾಳಿಯಲ್ಲಿ ಬೀಸಿ ಹಿಗ್ಗಿಸುವ ರೋಟಿ ಚಾನೆ. ಮಾಂಸಾಹಾರಿಗಳಿಗೆ ಹೇಳಬೇಕಾದದ್ದು ಒಂದೇ: ರೋಟಿ ಚಾನೆಯನ್ನು ಕಾರಿ ಕಂಬಿಂಗ್, ಅಂದರೆ ಆಡಿನ ಸಾರಿನ ಜೊತೆ ತಿನ್ನಿ.

ಸಸ್ಯಾಹಾರಿಗಳು ಕಿವಿಗೊಟ್ಟು ಕೇಳಬೇಕು. ಮೊಬೈಲಿನ ಅನುವಾದದ ಆ್ಯಪ್ ತೆರೆದು ‘ನಾನು ಮಾಂಸ ತಿನ್ನುವುದಿಲ್ಲ’ ಎಂದು ಹಾಕಿದರೆ ಅದು ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್’ ಎನ್ನುತ್ತದೆ. ಇಲ್ಲಿನ ದಿನಬಳಕೆಯಲ್ಲಿ ‘ದಾಗಿಂಗ್’ ಎಂದರೆ ಹೆಚ್ಚಾಗಿ ದನದ ಮಾಂಸ. ಅಂಗಡಿಯವನು ಪ್ರೀತಿಯಿಂದ ತಲೆಯಾಡಿಸಿ ಕೋಳಿ ತಂದಿಡುತ್ತಾನೆ. ಕೋಳಿ ಬೇಡವೆಂದರೆ ಮೀನು ಬರುತ್ತದೆ. ಅವನ ತಪ್ಪಲ್ಲ. ಒಂದೊಂದನ್ನೂ ಹೆಸರಿಟ್ಟು ಹೇಳಬೇಕು: ‘ತನ್‌ಪಾ ದಾಗಿಂಗ್, ಆಯಾಮ್, ಇಕಾನ್, ಉದಾಂಗ್.’ ಮಾಂಸ, ಕೋಳಿ, ಮೀನು, ಸೀಗಡಿ ಇಲ್ಲದೆ ಎಂದು ಅರ್ಥ.

ಇಷ್ಟಕ್ಕೇ ನಿಲ್ಲಿಸಿದರೂ ಸಾಲದು. ‘ತೆರಾಸಿ’ ಎಂಬುದು ಹುದುಗಿಸಿದ ಸೀಗಡಿಯ ಮುದ್ದೆ. ಅದನ್ನು ಖಾರದ ಚಟ್ನಿಯಾದ ಸಂಬಾಲ್‌ಗೆ ಅರೆಯುತ್ತಾರೆ, ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ‘ತೆರಿ’ ಎಂದರೆ ಪುಟ್ಟ ಒಣಮೀನು. ಮೆಡಾನ್‌ನ ತೆರಿ ದೇಶಕ್ಕೇ ಪ್ರಸಿದ್ಧ. ‘ಕಲ್ದು’ ಎಂದರೆ ಬೇಯಿಸಿದ ರಸ. ಬೇಳೆಯ ಸಾರಿನಲ್ಲೂ ಎಲುಬಿನ ಕಲ್ದು ಇರಬಹುದು. ಈ ಮೂರೂ ಪದಗಳನ್ನು ಬಾಯಿಪಾಠ ಮಾಡಿಕೊಂಡು, ತಟ್ಟೆ ತೋರಿಸಿ ‘ಪಾಕೈ ತೆರಾಸಿ?’ (ತೆರಾಸಿ ಹಾಕಿದ್ದೀರಾ?) ಎಂದು ಕೇಳಿ. ಮೊಟ್ಟೆಗೆ ‘ತೆಲುರ್’ ಎನ್ನುತ್ತಾರೆ. ಮಾರ್ತಾಬಾಕ್‌ನಲ್ಲಿ ಅದು ಇದ್ದೇ ಇರುತ್ತದೆ. ಏನೂ ತೋಚದಿದ್ದರೆ ರೋಟಿ ಚಾನೆಗೆ ಸಕ್ಕರೆ ಉದುರಿಸಿ ಕೊಡಲು ಹೇಳಿ: ‘ಪಾಕೈ ಗುಲಾ.’ ನನಗೆ ಅದೇ ಇಷ್ಟ. ನಗರದ ಬೇರೆ ಭಾಗದಲ್ಲಿ ಬೋರ್ಡಿನ ಮೇಲೆ ‘ಬಿ2’ ಎಂದು ಕಂಡರೆ ಅಲ್ಲಿ ಹಂದಿ ಮಾಂಸ ಬಡಿಸುತ್ತಾರೆಂದು ತಿಳಿಯಿರಿ.

ಹೆಜ್ಜೆ 5: ರಸ್ತೆ ದಾಟುವುದು

ಕೈ ಮುಂದೆ ಹಿಡಿದು, ಒಂದೇ ವೇಗದಲ್ಲಿ ನಡೆಯಿರಿ. ನಡುವೆ ನಿಲ್ಲಬೇಡಿ, ಓಡಬೇಡಿ.

ಹೆಜ್ಜೆ 6: ಕಟ್ಟಿಸಿಕೊಳ್ಳುವುದು

ಮರುದಿನ ಊರು ಬಿಡುವ ಮುನ್ನ ಮೊಜೊಪಾಹಿತ್ ಬೀದಿಗೆ ಹೋಗಿ ಬಿಕಾ ಅಂಬೋನ್ ತನ್ನಿ. ಹೆಸರಿನಲ್ಲಿ ಅಂಬೋನ್ ಎಂಬ ಬೇರೆ ಊರು ಇದ್ದರೂ ಇದು ಮೆಡಾನ್‌ನದೇ ಸಿಹಿ: ತೆಂಗಿನ ಹಾಲು, ಮೊಟ್ಟೆ, ಹಿಟ್ಟು ಹುದುಗಿಸಿ ಬೇಯಿಸಿದ, ಜೇನುಗೂಡಿನಂತೆ ತೂತಿರುವ ಹಳದಿ ಕೇಕು. ರಾಶಿ ಹಾಕಿದ ಪೆಟ್ಟಿಗೆಯಿಂದ ಬೇಡ. ಆಗತಾನೆ ಬೆಂದದ್ದನ್ನು ಕೇಳಿ, ಕತ್ತರಿಸಿ ತೋರಿಸಿದಾಗ ತೂತುಗಳು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿವೆಯೇ ನೋಡಿ. ಪೆಟ್ಟಿಗೆಯನ್ನು ಬಿಸಿಯಿರುವಾಗಲೇ ಮುಚ್ಚಿದರೆ ಬೆವರಿ ಕೆಡುತ್ತದೆ. ಆರಿದ ಮೇಲೆ ಕಟ್ಟಿಸಿ, ಮನೆ ಮುಟ್ಟಿದ ದಿನವೇ ಹಂಚಿಬಿಡಿ.